ಎರಡನೇ ತೂತು

ಬೆಳಗಿನ ರೈಲಿಗೆ ಇನ್ನೂ ಮುಕ್ಕಾಲು ತಾಸು.
ಕುಡಚಡೆ ಸ್ಟೇಷನ್ನಿನ ಏರಿನಾಗ
ಗಾಡಿ ದಬ್ಬಿಕೊಂತ ಬಂದ ಪೈಲಟ್ ಇನಾಸ್ ಮಾಮ,
ಅಂಗಿ ಬೆನ್ನಿಗೆ ಅಂಟಿತ್ತು.
"ಮಿಸ್ತ್ರಿ ಬಾಯ್, ಮತ್ತ ಹಠ ಹಿಡದೈತಿ,"
ಅಂದ ಅವನ ಕೊಂಕಣಿಯೊಳಗ.
ಆ ಮತ್ತ ಅನ್ನೋ ಮಾತು
ಮೂರನೇ ದಿನಕ್ಕ ಭಾರ ಆಗಿತ್ತು.

ಎಜ್ಡಿ ಅದು. ಮೈಸೂರಾಗ ಹುಟ್ಟಿದ್ದು,
ನನಗಿಂತ ಎರಡು ವರ್ಷ ದೊಡ್ಡದು.
ಮುಂದಿನ ಮಡ್‌ಗಾರ್ಡ್ ಹಳದಿ, ಉಳಿದದ್ದೆಲ್ಲ ಕರೀದು,
ಟಾಕಿ ಮ್ಯಾಲ ಸಂತ ಅಂತೋನಿಯ ಚಿತ್ರ,
ಹೋದ ವಾರ ಬಳಿದ ಬಣ್ಣದಾಗ ಅವನ ಪಾದ ಮುಳುಗಿ.
"ನಿನಗ ಕನ್ನಡ ಬರತೈತಿ, ಹೇಳ," ಅಂದೆ ಮೆಲ್ಲಕ,
"ಏನಾಗೇತಿ?"
ಊರು ಬಿಟ್ಟು ನಲವತ್ತು ವರ್ಷ ಆದವರಂಗ
ತಿಳಿದೂ ತಿಳಿಯದಂಗ ನಿಂತಿತ್ತು.

ಮೊದಲನೇ ದಿನ ಪ್ಲಗ್ ಬಿಚ್ಚಿದ್ದೆ.
ಸಿಲಿಂಡರಿಗೆ ತಾಗಿಸಿ ಕಿಕ್ ಹೊಡೆಸಿದರ
ನೀಲಿ ಕಿಡಿ, ಕಣ್ಣಿಗೆ ಹಬ್ಬ ಅಂಥಾ ಕಿಡಿ.
ಆದರ ಪ್ಲಗ್ಗಿನ ತುದಿ ಒಣ ಒಣ.
ಕಾರ್ಬರೇಟರ್ ಇಳಿಸಿ, ತಲೆಯ ಒಂದು ಕೂದಲು ಕಿತ್ತು
ಜೆಟ್ಟಿನ ಕಣ್ಣಾಗ ತೂರಿಸಿ, ಬಾಯಿಲೆ ಊದಿ
(ಮಧ್ಯಾಹ್ನದ ಚಾದೊಳಗೂ ಪೆಟ್ರೋಲ್)
ಚಾಲೂ ಮಾಡಿ ಎಂಬತ್ತು ರೂಪಾಯಿ ತಗೊಂಡೆ.
ಸಾವರ್ಡೆ ಸೇತುವೆ ನಡುವ ನಿಂತಿತಂತ.
ಹಿಂದ ಕುಂತಿದ್ದ ನರ್ಸಮ್ಮ
ಚಪ್ಪಲಿ ಕೈಯಾಗ ಹಿಡದು ಡ್ಯೂಟಿಗೆ ಓಡಿದಳಂತ.

ಎರಡನೇ ದಿನ ಪೆಟ್ರೋಲಿನ ನಳ.
ಪೈಪ್ ಎಳೆದರ ಧಾರಿ ಬಿತ್ತು, ಚೊಲೋ ಧಾರಿ.
ಆಗ ಟಾಕಿ ಮುಚ್ಚಳ ತಗದು ಒಳಗ ಇಣುಕಿದ್ದೆ;
ಅದು ನನ್ನ ಲೆಕ್ಕಕ್ಕ ಬರಲಿಲ್ಲ.
ಎದುರಿನ ಗ್ಯಾರೇಜಿನ ಪುಂಡಲೀಕ ಬೀಡಿ ಹಚ್ಚಿ
"ಗುಜರಿಗೆ ಹಾಕು ಮಾರಾಯಾ," ಅಂದ.
ಇನಾಸ್ ಮಾಮ ಅವನ ಕಡೆ ನೋಡಲಿಲ್ಲ.
ನನ್ನ ಕಡೆನೂ.
ಎಂಬತ್ತು ರೂಪಾಯಿ ವಾಪಸ್ ಕೇಳಲಿಲ್ಲ. ಅದ ಚುಚ್ಚಿತು.

ಇವತ್ತು ಪಾನಾ ಮುಟ್ಟಲಿಲ್ಲ. ಕುಂತೆ,
ಗಣಿ ಲಾರಿಗಳು ಬಿಟ್ಟು ಹೋದ ಕೆಂಪು ಧೂಳಿನಾಗ.
ಚಾದಂಗಡಿ ಹುಡುಗ ಭಜಿ ಬಾಣಲೆಗೆ
ಹೊಸ ಎಣ್ಣಿ ಡಬ್ಬಿ ಬಗ್ಗಿಸಿದ:
ಗುಳುಕ್. ಗುಳುಕ್. ನಿಂತಿತು.
ಡಬ್ಬಿ ಅಲುಗಾಡಿಸಿದ, ಬೈದ.

ಸವಣೂರಾಗ ಅಜ್ಜಿಯ ಕಿರಾಣಿ ಅಂಗಡಿ,
ನನ್ನ ಕೈಯಾಗ ಮೊಳಿ, ಅಕಿ ಕಸಗೊಂಡು
ಎದುರು ಮೂಲಿಗೆ ಇನ್ನೊಂದು ತೂತು ಹೊಡೆದು:
"ಹುಚ್ಚಿ, ಒಂದು ಎಣ್ಣಿ ಹೋಗಾಕ,
ಒಂದು ಗಾಳಿ ಬರಾಕ."

ಎದ್ದೆ. ಟಾಕಿ ಮುಚ್ಚಳಕ್ಕ ಕಿವಿ ಹಚ್ಚಿ ತಿರುವಿದೆ.
ಹಸ್ಸ್...
ಒಳಕ್ಕ ಎಳಕೊಂಡ ಒಂದು ಉದ್ದ ಉಸಿರು.

"ಮಾಮ, ಬಣ್ಣ ಯಾರು ಬಳದ್ರು?"
"ನಾನ. ಪಾಸಿಂಗ್ ಇತ್ತಲ್ಲ, ಎರಡು ಕೋಟು."
ಹೆಮ್ಮಿಲೆ ಕೂಡಿಸಿದ: "ಮುಚ್ಚಳಕ್ಕ ಮೂರು."

ಬಳಿಗೆ ಸಿಗಿಸಿದ್ದ ಪಿನ್ನು ತಗದೆ.
ಮುಚ್ಚಳದ ನಡುವ ಸಾಸಿವಿಗಿಂತ ಸಣ್ಣ ಗುಳಿ.
ಚುಚ್ಚಿದೆ. ಅಷ್ಟ.
ಎರಡನೇ ಕಿಕ್ಕಿಗೆ ಕೆಮ್ಮಿ, ನಾಕನೇದಕ್ಕ
ಎರಡೂ ಸೈಲೆನ್ಸರಿನಿಂದ ನೀಲಿ ಹೊಗಿ,
ಚಾದಂಗಡಿಯ ಗಿಲಾಸುಗಳು ಝಣ ಝಣ.

ಕಿಸೆಗೆ ಕೈ ಹಾಕಿದ ಮಾಮ, "ಎಷ್ಟು?"
ಏನಂತ ಬರೀಲಿ ಬಿಲ್ಲಿನಾಗ?
ಸಾಮಾನು: ಇಲ್ಲ. ಮಜೂರಿ: ಒಂದು ಚುಚ್ಚು.
"ಆಗಲೇ ಕೊಟ್ಟೀದಿ," ಅಂದೆ.
ರೈಲು ಸಿಳ್ಳು ಹಾಕಿತು.
ಕಿಕ್ ಹೊಡೆದ ಕಡ್ಡೀನ ಮಡಚಿ ಗೇರ್ ಮಾಡಿಕೊಂಡು,
ಒಂದ ಕಡ್ಡಿಗೆ ಎರಡು ಕೆಲಸ ಈ ಗಾಡಿಯಾಗ, ಹೋದ.

ಆ ಹುಡುಗನ ಡಬ್ಬಿಗೂ ಒಂದು ಮೊಳಿ ಹೊಡೆದು ಬಂದೆ.
ಪಿನ್ನಿನ ತುದಿಗೆ ಕರೀ ಬಣ್ಣದ ಚೂರು.
ಒರಸಲಿಲ್ಲ. ಹಂಗ ಬಳಿಗೆ ಸಿಗಿಸಿಕೊಂಡೆ.